ವಿಂಚೆಸ್ಟರಿನ ಸೂಲಗಿತ್ತಿ

ನಮ್ಮ ವಿಂಚೆಸ್ಟರಿನಲ್ಲಿ ನನ್ನ ಸರೀಕರ ಹೆಸರು ಕೇಳಿದರೆ ಸಾಕು, ಅವರು ಹುಟ್ಟಿದಾಗ ಊರು ಯಾರ ಕೈಯಲ್ಲಿತ್ತು ಎಂದು ಹೇಳಿಬಿಡಬಹುದು. ಗುಲಾಮರನ್ನು ಇಟ್ಟುಕೊಳ್ಳುವ ವಿಚಾರಕ್ಕೆ ಉತ್ತರ, ದಕ್ಷಿಣ ಎಂದು ದೇಶ ಎರಡು ಪಾಲಾಗಿ ಬಡಿದಾಡಿಕೊಂಡ ಆ ವರ್ಷಗಳಲ್ಲಿ ನಮ್ಮ ಊರು ಉತ್ತರದ ನೀಲಿ ಕೋಟಿನವರಿಂದ ದಕ್ಷಿಣದ ಬೂದು ಕೋಟಿನವರಿಗೆ, ಅವರಿಂದ ಮತ್ತೆ ಇವರಿಗೆ ಎಷ್ಟು ಸಲ ಕೈ ಬದಲಾಯಿತೋ ನೆನಪಿಟ್ಟವರಿಲ್ಲ. ಬೂದು ಕೋಟಿನವರು ಇದ್ದಾಗ ಹುಟ್ಟಿದವನು ಜ್ಯಾಕ್ಸನ್, ನೀಲಿಯವರು ಗೆದ್ದಾಗ ಹುಟ್ಟಿದವನು ಶೆರಿಡನ್, ಎರಡೂ ಆಯಾ ಕಡೆಯ ಜನರಲ್‌ಗಳ ಹೆಸರು. ಪೇಟೆಯ ಬ್ರೆಡ್ ಅಂಗಡಿಯವಳು ಸಾವಿರದ ಎಂಟುನೂರ ಅರವತ್ತೆರಡರ ವಸಂತದಲ್ಲಿ ಮಗನಿಗೆ ನೀಲಿಯವರ ಜನರಲ್ ಬ್ಯಾಂಕ್ಸ್ ಹೆಸರಿಟ್ಟಿದ್ದಳು. ಮೇ ಕೊನೆಗೆ ಜ್ಯಾಕ್ಸನ್ ದಂಡೆತ್ತಿ ಬಂದು ಬ್ಯಾಂಕ್ಸ್‌ನ ಸೈನ್ಯವನ್ನು ಪೊಟೋಮ್ಯಾಕ್ ಹೊಳೆಯಾಚೆಗೆ ಅಟ್ಟಿದ. ಅವತ್ತಿನಿಂದ ಆ ಕೂಸು ವಿಲಿಯಂ ಆಯಿತು.

ಈ ಕೂಸುಗಳನ್ನೆಲ್ಲ ಭೂಮಿಗೆ ಇಳಿಸಿಕೊಂಡ ಕೈ ಮಹಾಲಾ ಡಿಕ್ಸನ್ ಅವರದು. ಊರಿಗೆಲ್ಲ ಮಹಾಲಾ ಅತ್ತೆ. ನಾನು ಡೋರಿಂಡಾ, ಅದೇ ಕೈಯಲ್ಲಿ ಹುಟ್ಟಿದವಳು, ಮದುವೆಯಾದ ಮೇಲೆ ಅವರ ಹತ್ತಿರವೇ ಈ ಕೆಲಸ ಕಲಿತವಳು. ಇಲ್ಲಿ ಹೇಳುವುದರಲ್ಲಿ ಅರ್ಧ ಅವರ ಬಾಯಿಂದ ಕೇಳಿದ್ದು, ಅರ್ಧ ಅವರ ಮಗಳು ಲೆಟಿಯಿಂದ. ಇಬ್ಬರ ಮಾತು ಕೂಡದ ಕಡೆ ಎರಡನ್ನೂ ಹೇಳುತ್ತೇನೆ.

ಮಹಾಲಾ ಅತ್ತೆ ಎತ್ತರದ ಹೆಂಗಸು. ಅಗಲ ಮೂಳೆ, ಕಡಿಮೆ ಮಾತು, ನಡೆದರೆ ಹಿಂದೆ ಬರುವವರು ಓಡಬೇಕು. ಅವರೂ ಲೆಟಿಯೂ ಥಾರ್ನ್ಲಿ ಎಂಬ ಗಿರಣಿ ಮನೆತನದ ಗುಲಾಮರಾಗಿದ್ದರು. ಯಾರ ಮನೆಯಲ್ಲಿ ಬೇನೆ ಬಂದರೂ ಥಾರ್ನ್ಲಿ ಅಮ್ಮಾವರಿಗೆ ಹೇಳಿ ಕಳಿಸಬೇಕು, ಅವರು ಒಪ್ಪಿದರೆ ಮಹಾಲಾ ಅತ್ತೆ ಬುಟ್ಟಿ ಎತ್ತಿಕೊಂಡು ಹೊರಡುವರು. ಬುಟ್ಟಿಯಲ್ಲಿ ಒಗೆದ ಬಟ್ಟೆ, ದಾರ, ಕತ್ತರಿ, ಹಂದಿಕೊಬ್ಬಿನ ಡಬ್ಬಿ, ಒಣಗಿದ ಸೊಪ್ಪಿನ ಒಂದು ಗಂಟು. ಜ್ಯಾಕ್ಸನ್ ಬಂದ ಆ ಭಾನುವಾರ ಬೆಳಿಗ್ಗೆ ದಕ್ಷಿಣದ ಗುಡ್ಡಗಳ ಮೇಲೆ ಫಿರಂಗಿ ಸಿಡಿಯುತ್ತಿದ್ದಾಗ ಅವರು ಥಾರ್ನ್ಲಿಯವರ ನೆಲಮಾಳಿಗೆಯಲ್ಲಿ ಆ ಮನೆಯ ಸೊಸೆಯ ಚೊಚ್ಚಲ ಹೆರಿಗೆ ಮಾಡಿಸುತ್ತಿದ್ದರು.

ಅರವತ್ತಮೂರರ ಜನವರಿಯಲ್ಲಿ ನೀಲಿಯವರ ಜನರಲ್ ಮಿಲ್ರಾಯ್ ಊರಿನಲ್ಲಿದ್ದ. ಅಧ್ಯಕ್ಷರ ಅಪ್ಪಣೆಯಂತೆ ಗುಲಾಮರೆಲ್ಲ ಇನ್ನು ಸ್ವತಂತ್ರರು ಎಂದು ಅವನು ಗೋಡೆ ಗೋಡೆಗೆ ಕಾಗದ ಅಂಟಿಸಿದ. ಓದಲು ಬರುವವನೊಬ್ಬ ಅದನ್ನು ಬೀದಿಯಲ್ಲಿ ನಿಂತು ಗಟ್ಟಿಯಾಗಿ ಓದಿದ. ಮಹಾಲಾ ಅತ್ತೆ ಪೂರ್ತಿ ಕೇಳಿಸಿಕೊಂಡು ಮನೆಗೆ ಹೋಗಿ, ಹಚ್ಚಿದ್ದ ಒಲೆ ಆರಿಸಿ, ಪಾತ್ರೆ ಕವುಚಿಟ್ಟು, ಮಗಳನ್ನು ಕರೆದುಕೊಂಡು ಅಂಗಳಕ್ಕೆ ಬಂದರು.

“ಎಲ್ಲಿಗೆ ಹೊರಟ್ಯೇ?” ಎಂದರು ಥಾರ್ನ್ಲಿ ಅಮ್ಮಾವರು.

“ನನ್ನ ಮನೆಗೆ ಅಮ್ಮಾವ್ರೇ.”

“ನಿನಗೆಲ್ಲಿದೆಯೇ ಮನೆ?”

“ನೋಡ್ಬೇಕು.”

“ಮಗಳನ್ನಾದ್ರೂ ಬಿಟ್ಟು ಹೋಗು. ಬಟ್ಟೆ ಯಾರು ಒಗೀತಾರೆ?”

“ಅವಳೂ ಇವತ್ತಿಂದ ನಿಮ್ಮೋಳಲ್ಲ.”

ಚರ್ಮ ಹದ ಮಾಡುವವನ ಹಿತ್ತಿಲಿನ ಒಂದು ಕೋಣೆ ಸಿಕ್ಕಿತು. ನಾತಕ್ಕೆ ಮೊದಲ ವಾರ ಊಟ ಸೇರಲಿಲ್ಲವಂತೆ. ಆದರೂ ಲೆಟಿ ಹೇಳುತ್ತಿದ್ದಳು, ಅವ್ವ ಬಾಗಿಲಿನ ಅಗುಳಿಯನ್ನು ತಾನೇ ಹಾಕುವುದು, ತಾನೇ ತೆಗೆಯುವುದು, ಸುಮ್ಮನೆ ಮತ್ತೆ ಹಾಕುವುದು, ಹೀಗೆ ಮಾಡುತ್ತಿದ್ದಳು ಎಂದು. ಲೆಟಿಗೆ ಆಗ ಹದಿನೇಳು. ಗುಡ್ಡದ ಮೇಲಿನ ಕೋಟೆಯಲ್ಲಿ ಮಿಲ್ರಾಯನ ಸೈನಿಕರ ಆಸ್ಪತ್ರೆಗೆ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿಕೊಂಡಳು.

ಆ ಸ್ವಾತಂತ್ರ್ಯ ಜೂನ್ ನಡುವಿನ ತನಕ ಬಾಳಿತು. ಬೂದು ಕೋಟಿನವರ ಜನರಲ್ ಲೀ ತನ್ನ ಇಡೀ ಸೈನ್ಯವನ್ನು ಉತ್ತರದ ಪೆನ್ಸಿಲ್ವೇನಿಯದ ಕಡೆಗೆ ಹೊರಡಿಸಿದ್ದ, ದಾರಿಗೆ ಅಡ್ಡವಾಗಿ ನಮ್ಮ ಊರಿತ್ತು. ಅದನ್ನು ಗುಡಿಸಿ ಹಾಕಲು ಯೂವೆಲ್ ಎಂಬ ಜನರಲ್ ಬಂದ. ಭಾನುವಾರ ಸಂಜೆಯ ಹೊತ್ತಿಗೆ ಪಡುವಣ ಕೋಟೆ ಬೂದು ಕೋಟಿನವರ ವಶವಾಯಿತು. ಮಿಲ್ರಾಯನ ಕಡೆಯವರು ಗಾಡಿಗಳಿಗೆ ಕುದುರೆ ಕಟ್ಟದೆ, ಗದ್ದಲ ಮಾಡದೆ ಊರು ಬಿಡಲು ಸಿದ್ಧರಾಗುತ್ತಿದ್ದರು. ಕರಿಯರಿಗೆಲ್ಲ ಸುದ್ದಿ ಮುಟ್ಟಿತು, ಬರುವವರು ಬನ್ನಿ ಎಂದು.

ಮಹಾಲಾ ಅತ್ತೆ ಆಗ ಕಮ್ಮಾರನ ಮನೆಯಲ್ಲಿದ್ದರು. ಕಮ್ಮಾರನ ಹೆಂಡತಿಗೆ ಮಧ್ಯಾಹ್ನದಿಂದ ಬೇನೆ. ಲೆಟಿ ಓಡಿ ಬಂದು ಕಿಟಕಿ ಬಡಿದಳು.

“ಅವ್ವಾ, ಬಾ. ಎಲ್ರೂ ಹೊರಟ್ರು.”

“ಕೂಸಿನ ತಲೆ ಕಾಣ್ತಿದೆ ಕಣೇ.”

“ಬೇರೆ ಯಾರನ್ನಾದ್ರೂ ಕೂರ್ಸಿ ಬಾರವ್ವಾ!”

“ಯಾರಿದಾರೆ ಇಲ್ಲಿ? ನೀನು ಮುಂದೆ ನಡಿ. ಇದು ಮುಗಿಸ್ಕೊಂಡು ಹಿಂದೇನೇ ಬರ್ತೀನಿ.”

ಲೆಟಿ ಹೋದಳು. ಕೂಸು ಹುಟ್ಟಿತು, ಆದರೆ ಮಾಸು ಬೀಳಲು ತಡವಾಯಿತು, ಬಾಣಂತಿಗೆ ರಕ್ತ ನಿಲ್ಲಲಿಲ್ಲ. ಅದನ್ನು ನಿಲ್ಲಿಸಿ ಮಹಾಲಾ ಅತ್ತೆ ಬುಟ್ಟಿ ಎತ್ತಿಕೊಂಡು ಬಾಗಿಲು ದಾಟುವ ಹೊತ್ತಿಗೆ ಬೀದಿಯಲ್ಲಿ ಬೂದು ಕೋಟು ತುಂಬಿತ್ತು. ಊರಾಚೆ ಸ್ಟೀವನ್‌ಸನ್ ರೈಲು ನಿಲ್ದಾಣದ ಹತ್ತಿರ ಯೂವೆಲ್‌ನ ಪಡೆ ಮೊದಲೇ ಹೋಗಿ ಕಾದು ಕುಳಿತಿತ್ತು. ಮಿಲ್ರಾಯ್ ತಾನು ತಪ್ಪಿಸಿಕೊಂಡ, ಅವನ ಸೈನ್ಯದ ಬಹುಪಾಲು ಸಿಕ್ಕಿಬಿತ್ತು. ಸೈನಿಕರು ಕೈದಿಗಳಾದರು. ಅವರ ಹಿಂದೆ ಹೊರಟಿದ್ದ ಕರಿಯರು ಮತ್ತೆ ಗುಲಾಮರಾದರು.

ಗಾಡಿ ಹೊಡೆಯುವ ಮುದುಕ ಎಲೈಜಾ ಬಂದು ಹೇಳಿದ: “ಲೆಟಿನ ನೋಡ್ದೆ ಮಹಾಲಾ. ಜೀವಕ್ಕೇನೂ ಆಗಿಲ್ಲ. ಕೋರ್ಟ್ ಅಂಗಳದಾಗೆ ಕೂಡಿ ಹಾಕವ್ರೆ. ನಾಳೆ ದಕ್ಷಿಣಕ್ಕೆ ಹೊಡ್ಕೊಂಡು ಹೋಯ್ತಾರಂತೆ, ಮಾರೋಕೆ.”

ಇಷ್ಟು ಕೇಳಿ ಅವರು ಸೀದಾ ಹೋದದ್ದು ಥಾರ್ನ್ಲಿ ಅಮ್ಮಾವರ ಮನೆಗೆ. ಯಾವ ಅಂಗಳದಿಂದ ತಲೆಯೆತ್ತಿ ಹೊರಬಿದ್ದಿದ್ದರೋ ಅದೇ ಅಂಗಳದಲ್ಲಿ ತಲೆ ತಗ್ಗಿಸಿ ನಿಂತರು.

“ಲೆಟಿ ನಿಮ್ಮೋಳು ಅಂತ ಒಂದು ಮಾತು ಹೇಳಿ ಅಮ್ಮಾವ್ರೇ. ನಿಮ್ಮ ಮಾತಿಗೆ ಬಿಡ್ತಾರೆ. ನಾವಿಬ್ರೂ ವಾಪಸ್ ಬರ್ತೀವಿ. ಒಲೆ ನಾನು ಹಚ್ತೀನಿ, ಬಟ್ಟೆ ಅವಳು ಒಗೀತಾಳೆ.”

ಅಮ್ಮಾವರು ಹೇಳಿದರು: “ನೀನು ಒಳಗೆ ಬಾ, ಅಡುಗೆಮನೆ ಹಾಗೇ ಇದೆ. ಲೆಟಿ ವಿಷಯ ನನ್ನ ಹತ್ರ ಎತ್ತಬೇಡ. ಅವಳು ನನ್ನೋಳಲ್ಲ ಅಂತ ನೀನೇ ಅಲ್ವೇನೇ ಅಂದಿದ್ದು, ಇದೇ ಅಂಗಳದಲ್ಲಿ ನಿಂತು?”

ಮಹಾಲಾ ಅತ್ತೆ ಒಳಗೆ ಹೋಗಲಿಲ್ಲ. ತಿರುಗಿ ಚರ್ಮದವನ ಹಿತ್ತಿಲಿಗೆ ಬಂದು ಬುಟ್ಟಿಗೆ ಒಗೆದ ಬಟ್ಟೆ ತುಂಬಿದರು, ಮೇಲೆ ಎರಡು ಜೋಳದ ರೊಟ್ಟಿ ಇಟ್ಟುಕೊಂಡರು. ಮರುದಿನ ಬೆಳಿಗ್ಗೆ ಸೆರೆಯವರನ್ನು ಕಣಿವೆಯ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊಡೆದುಕೊಂಡು ಹೋದಾಗ, ಧೂಳು ಕಾಣುವಷ್ಟು ಹಿಂದೆ ಅವರೂ ಹೊರಟರು.

ಹೆದ್ದಾರಿಯಲ್ಲಿ ಹೆಜ್ಜೆ ಹೆಜ್ಜೆಗೂ ಕಾವಲು. ಒಡತಿಯ ಚೀಟಿಯಿಲ್ಲದ ಕರಿ ಹೆಂಗಸು ಅಷ್ಟು ದೂರ ನಡೆಯುವುದೇ ಅಪರಾಧ. ಕಾವಲಿನವರು ಕೇಳಿದಾಗಲೆಲ್ಲ ಅವರು ಬುಟ್ಟಿಯ ಬಟ್ಟೆ ಸರಿಸಿ ತೋರಿಸಿ, “ಹೆರಿಗೆಗೆ ಹೊರಟಿದೀನಿ ದಣಿ” ಎನ್ನುವರು. ಕೆಲವರು ದೂಡಿದರು, ಒಬ್ಬ ರೊಟ್ಟಿ ಕಿತ್ತುಕೊಂಡ. ಕರ್ನ್‌ಸ್ಟೌನ್ ಹತ್ತಿರ ಒಬ್ಬ ಮೀಸೆ ಮೂಡದ ಸಿಪಾಯಿಗೆ ಹರಟೆ ಬೇಕಿತ್ತು.

“ಏ ಅತ್ತೆ, ನಿನ್ನ ಕೈಯಾಗೆ ಹುಟ್ಟಿದೋರೆಲ್ಲ ನಮ್ಮ ಕಡೆಯೋ, ಉತ್ತರದ ಯಾಂಕಿಗಳ ಕಡೆಯೋ?”

“ಹುಟ್ಟೋವಾಗ ಎಲ್ರೂ ಅಳೋ ಕಡೆ ದಣಿ.”

“ಭಲೆ! ಆಮೇಲೆ?”

“ಆಮೇಲಿಂದು ನಿಮ್ಮ ಜನರಲ್‌ಗಳು ನೋಡ್ಕೊಂತಾರೆ. ಬಿಡಿ, ಅಲ್ಲೊಬ್ಳು ನೋವು ತಿಂತಾವ್ಳೆ.”

ಅವನು ನಕ್ಕು ದಾರಿ ಬಿಟ್ಟ.

ವುಡ್‌ಸ್ಟಾಕ್ ಎಂಬ ಊರಿನಲ್ಲಿ ಸೆರೆಯವರನ್ನು ಒಂದು ಹೊಗೆಸೊಪ್ಪಿನ ಕೊಟ್ಟಿಗೆಯಲ್ಲಿ ಕೂಡಿಹಾಕಿ ನಿಲ್ಲಿಸಿದರು. ಮುಂದಕ್ಕೆ ಸಾಗಿಸಲು ಗಾಡಿ ಬೇಕು, ಗಾಡಿಗಳೆಲ್ಲ ಲೀಯ ಹಿಂದೆ ಉತ್ತರಕ್ಕೆ ಹೋಗಿದ್ದವು. ಮಹಾಲಾ ಅತ್ತೆ ಅದೇ ಬೀದಿಯ ಒಬ್ಬ ಅಗಸಗಿತ್ತಿಯ ಮನೆ ಸೇರಿಕೊಂಡು ಅವಳ ಜೊತೆ ಕಾವಲಿನವರ ಬಟ್ಟೆ ಒಗೆದರು. ಒಣಗಿದ ಬಟ್ಟೆ ಕೊಡಲು ಹೋದಾಗ ಕೊಟ್ಟಿಗೆಯ ಹಲಗೆಗಳ ಸಂದಿನಲ್ಲಿ ಲೆಟಿ ಕಂಡಳು. ಇಬ್ಬರೂ ಒಬ್ಬರನ್ನೊಬ್ಬರು ಗುರುತಿಲ್ಲದವರಂತೆ ನೋಡಿ ಮುಖ ತಿರುಗಿಸಿದರು. ಅವತ್ತಿನಿಂದ ಪ್ರತಿದಿನ ಒಂದು ತುಂಡು ಉಪ್ಪುಮಾಂಸವೋ ಒಂದು ಹಸಿ ಸೇಬೋ ಆ ಸಂದಿನಿಂದ ಒಳಗೆ ಹೋಗುತ್ತಿತ್ತು.

ಕಾವಲಿನ ಪಡೆಗೆ ಕ್ಯಾಪ್ಟನ್ ಕ್ವಾರಲ್ಸ್ ಎಂಬವನು ಯಜಮಾನ. ಅವನ ಹೆಂಡತಿ ತುಂಬುಬಸುರಿ, ಗಂಡನ ಹತ್ತಿರವೇ ಇರುತ್ತೇನೆಂದು ಬಂದು ಎದುರಿನ ಮನೆಯಲ್ಲಿ ಇಳಿದಿದ್ದಳು. ದಿನಾ ಜಗಲಿಯಲ್ಲಿ ಕುಳಿತಿರುತ್ತಿದ್ದಳು. ಮಹಾಲಾ ಅತ್ತೆ ಬಟ್ಟೆ ಹೊತ್ತು ಹೋಗುತ್ತ ಬರುತ್ತ ಅವಳ ಹೊಟ್ಟೆಯನ್ನು ನೋಡಿದರು. ಒಂದು ದಿನ ಕ್ಯಾಪ್ಟನ್‌ನ ಮುಂದೆ ನಿಂತು ಹೇಳಿಯೇಬಿಟ್ಟರು: “ಕೂಸು ಅಡ್ಡ ಮಲಗಿದೆ ದಣಿ. ಬೇನೆ ಬಂದಾಗ ನನ್ನ ಕರೀರಿ.”

“ಊರಿನ ಡಾಕ್ಟರು ಇದಾರೆ. ನೀನು ಬಟ್ಟೆ ನೋಡ್ಕೋ ಹೋಗು.”

“ಡಾಕ್ಟರು ಸೈನ್ಯದ ಹಿಂದೆ ಹೋದ್ರಂತೆ. ಬೀದಿಗೆಲ್ಲ ಗೊತ್ತು.”

ಕ್ಯಾಪ್ಟನ್ ಅವರನ್ನು ಕೈಬೀಸಿ ಕಳಿಸಿದ. ಜುಲೈ ಮೊದಲ ವಾರ ಕಳೆದ ಮೇಲೆ, ಒಂದು ಬೆಳಿಗ್ಗೆ ಅವನೇ ಬೂಟಿನ ದಾರ ಕಟ್ಟದೆ ಅಗಸಗಿತ್ತಿಯ ಮನೆಗೆ ಓಡಿ ಬಂದ. ಮಹಾಲಾ ಅತ್ತೆ ಬುಟ್ಟಿ ಎತ್ತಿಕೊಂಡರು, ಆದರೆ ಬೀದಿಯ ನಡುವೆ ನಿಂತರು.

“ಇದಕ್ಕೆ ಇನ್ನೊಂದು ಜೊತೆ ಕೈ ಬೇಕು ದಣಿ. ಕೂಸನ್ನ ತಿರುಗಿಸ್ಬೇಕು, ಒಬ್ಳ ಕೈಲಾಗಲ್ಲ. ಕೊಟ್ಟಿಗೇಲಿ ಲೆಟಿ ಅಂತ ಒಬ್ಳಿದಾಳೆ. ನನ್ನ ಕೆಳಗೆ ಕೆಲಸ ಮಾಡಿದೋಳು. ಅವಳನ್ನ ಬಿಡ್ಸಿ.”

“ಮನೇಲಿ ಬೇರೆ ಹೆಂಗಸರಿದಾರೆ!”

“ಅವ್ರು ಕಿರುಚ್ತಾರೆ. ನನಗೆ ಕಿರುಚದೇ ಇರೋಳು ಬೇಕು.”

“ಅವಳು ನಿನಗೇನಾಗ್ಬೇಕು?”

“ನಿಮ್ಮ ಹೆಂಡ್ತಿ ನಿಮಗೇನಾಗ್ಬೇಕು ದಣಿ? ಹೊತ್ತು ಹೋಗ್ತಿದೆ.”

ಅವನು ಸಿಪಾಯಿಗೆ ಕೂಗಿ ಹೇಳಿದ. ಅವನು ಒಪ್ಪದಿದ್ದರೆ ಏನು ಮಾಡುತ್ತಿದ್ದಿರಿ ಎಂದು ನಾನೊಮ್ಮೆ ಕೇಳಿದ್ದೆ. “ಹೋಗ್ತಿದ್ದೆ. ಒಬ್ಳೇ ಹೋಗ್ತಿದ್ದೆ. ಅದು ಅವನಿಗೆ ಗೊತ್ತಿರ್ಲಿಲ್ಲ ಅಷ್ಟೆ” ಎಂದರು.

ಆ ಹೆರಿಗೆ ನಡುಮಧ್ಯಾಹ್ನದ ತನಕ ನಡೆಯಿತು. ಮಹಾಲಾ ಅತ್ತೆ ಹಂದಿಕೊಬ್ಬು ಸವರಿದ ಕೈಯಿಂದ ಹೊಟ್ಟೆಯ ಮೇಲಿನಿಂದಲೇ ಕೂಸಿನ ತಲೆಯನ್ನು ಕೆಳಕ್ಕೆ ಒತ್ತಿ ಒತ್ತಿ ತಂದರು, ಲೆಟಿ ಇನ್ನೊಂದು ಕಡೆಯಿಂದ ಪೃಷ್ಠವನ್ನು ಮೇಲಕ್ಕೆ ತಳ್ಳಿ ಹಿಡಿದಳು. ನೋವು ಬಂದಾಗ ನಿಲ್ಲಿಸುವುದು, ಇಳಿದಾಗ ಮತ್ತೆ ತಿರುಗಿಸುವುದು. ಕೊನೆಗೆ ಕೂಸು ಒಳಗೇ ತಿರುಗಿ ತಲೆ ಕೆಳಗಾಯಿತು. ಹುಟ್ಟಿದಾಗ ನೀಲಿಗಟ್ಟಿತ್ತು. ಲೆಟಿ ಬಾಯಿಯ ಲೋಳೆ ತೆಗೆದು ಊದಿದಳು. ಅತ್ತಿತು, ಹೆಣ್ಣು. ಹೊರಗೆ ಕ್ಯಾಪ್ಟನ್ ಗೋಡೆಗೆ ಹಣೆಯಿಟ್ಟು ಅಳುತ್ತಿದ್ದುದು ಒಳಗೆ ಕೇಳಿಸುತ್ತಿತ್ತು. ಸಿಪಾಯಿಗಳೆಲ್ಲ ಮುಂಬಾಗಿಲಲ್ಲಿ ಟೋಪಿ ಹಾರಿಸುತ್ತಿದ್ದರು.

ಲೆಟಿ ಅವ್ವನ ಕಿವಿಯಲ್ಲಿ ಹೇಳಿದಳು: “ಹಿತ್ತಿಲ ಬಾಗಿಲು ತೆರೆದಿದೆ. ಯಾರೂ ಇಲ್ಲ. ಈಗ್ಲೇ ನಡಿ.”

“ಮಾಸು ಬಿದ್ದಿಲ್ಲ. ನೀನು ಮುಂದೆ ಹೋಗು, ನಾನು…”

“ಅವತ್ತೂ ಹಿಂಗೇ ಅಂದೆ ನೀನು.”

ಮಹಾಲಾ ಅತ್ತೆ ಮಗಳ ಮುಖ ನೋಡಿದರು. ಹೋಗು ಎಂದು ಇನ್ನೊಂದು ಸಲ ಹೇಳಲಿಲ್ಲ. “ಹೊಟ್ಟೆ ಒತ್ತು. ಬಿಗಿಯಾಗಿ” ಎಂದಷ್ಟೇ ಅಂದರು. ಲೆಟಿ ಹಲ್ಲು ಕಚ್ಚಿ ಒತ್ತಿದಳು. ತನ್ನನ್ನು ಮಾರಲು ಹೊರಟವನ ಹೆಂಡತಿಯ ಜೀವ ತನ್ನ ಅಂಗೈ ಕೆಳಗೆ ಮಿಡಿಯುತ್ತಿದ್ದುದು ಸಾಯುವ ತನಕ ನೆನಪಿರುತ್ತದೆ ಎಂದು ಅವಳು ನನಗೆ ಹೇಳಿದ್ದಾಳೆ. ಮಾಸು ಬಿತ್ತು. ರಕ್ತ ನಿಂತಿತು. ತಾಯಿಯ ಎದೆಗೆ ಕೂಸು ಹಚ್ಚಿ, ಅದು ಚೀಪುವುದನ್ನು ನೋಡಿದ ಮೇಲೆಯೇ ಮಹಾಲಾ ಅತ್ತೆ ರಕ್ತದ ಬಟ್ಟೆಗಳನ್ನು ಬಕೆಟ್ಟಿಗೆ ತುಂಬಿದರು.

“ಒಗ್ಕೊಂಡು ಬರ್ತೀವಿ ಅಮ್ಮಾವ್ರೇ.”

ಬಾಣಂತಿ ಕಣ್ಣು ತೆರೆದಳು. ಬಕೆಟ್ ನೋಡಿದಳು, ಒಗೆಯಲು ಬೇಡವಾಗಿದ್ದ ಬುಟ್ಟಿಯೂ ಲೆಟಿಯ ಕೈಯಲ್ಲಿದ್ದುದನ್ನು ನೋಡಿದಳು. “ಬಾವಿ ನೀರು ಗಡಸು. ಹೊಳೆಗೇ ಹೋಗಿ. ತಡ ಆದ್ರೂ ಪರವಾಗಿಲ್ಲ, ನಾನು ಯಾರನ್ನೂ ಕೇಳಲ್ಲ” ಎಂದಳು.

ಅವಳಿಗೆ ಎಲ್ಲ ತಿಳಿದಿತ್ತು, ತಿಳಿದೇ ಬಿಟ್ಟಳು ಎಂದು ಲೆಟಿ ಹೇಳುತ್ತಾಳೆ. ಮಹಾಲಾ ಅತ್ತೆ ಒಪ್ಪುತ್ತಿರಲಿಲ್ಲ. “ಸುಸ್ತಾದ ಬಾಣಂತಿ ಏನೋ ಅಂದ್ಳು. ಬಾಗಿಲು ದಾಟಿದ್ದು ನಮ್ಮ ಕಾಲು.”

ಹಾಡಹಗಲಲ್ಲಿ, ರಕ್ತದ ಬಟ್ಟೆಯ ಬಕೆಟ್ ಮುಂದೆ ಹಿಡಿದು, ಇಬ್ಬರೂ ಅಷ್ಟರಲ್ಲಿ ಹಿತ್ತಿಲಿಗೆ ಮರಳಿದ್ದ ಕಾವಲಿನವನ ಎದುರಿಗೇ ನಡೆದರು. ಅವನು ಬಕೆಟ್ ಕಡೆ ಒಮ್ಮೆ ನೋಡಿ ಮುಖ ಅತ್ತ ಮಾಡಿ ಮೂಗು ಮುಚ್ಚಿಕೊಂಡ. ಹೊಳೆ ಬಂತು. ಅಲ್ಲಿ ಮಹಾಲಾ ಅತ್ತೆ ನಿಜಕ್ಕೂ ಬಟ್ಟೆ ಒಗೆದರು. ಲೆಟಿಗೆ ಹುಚ್ಚು ಹಿಡಿದಂತಾಯಿತು. “ಯಾರಾದ್ರೂ ನೋಡ್ತಿದ್ರೆ?” ಎಂದರು ಅವ್ವ. ಒಗೆದ ಬಟ್ಟೆಗಳನ್ನು ಪೊದೆಯ ಮೇಲೆ ಹರವಿ, ಬಕೆಟ್ ಅಲ್ಲೇ ಬಿಟ್ಟು, ಹೊಳೆಯ ಅಂಚು ಹಿಡಿದು ಉತ್ತರಕ್ಕೆ ಹೊರಟರು.

ಹೆದ್ದಾರಿ ಸೇರಿದಾಗ ಎದುರಿನಿಂದ ಗಾಡಿಗಳ ಸಾಲು ಬರುತ್ತಿತ್ತು. ಮುಗಿಯದ ಸಾಲು. ಗಾಡಿಯ ತುಂಬ ಗಾಯಾಳುಗಳು, ಹಿಂದೆ ಕಾಲೆಳೆಯುತ್ತ ನಡೆಯುವವರು, ಕೋವಿಯನ್ನೇ ಊರುಗೋಲು ಮಾಡಿಕೊಂಡವರು. ಉತ್ತರಕ್ಕೆ ಹೋಗಿದ್ದ ಲೀಯ ಸೈನ್ಯ ಮುರಿದು ವಾಪಸು ಬರುತ್ತಿತ್ತು. ಗೆಟಿಸ್‌ಬರ್ಗ್ ಎಂಬ ಹೆಸರನ್ನು ಇಬ್ಬರೂ ಮೊದಲ ಸಲ ಕೇಳಿದ್ದು ಅಲ್ಲಿ. ಒಂದು ಗಾಡಿಯ ಚಕ್ರಕ್ಕೆ ಒರಗಿ ಕುಳಿತಿದ್ದವನೊಬ್ಬ ನೀರು ಕೇಳಿದ. ಮಹಾಲಾ ಅತ್ತೆ ತೊರೆಯಿಂದ ಬೊಗಸೆಯಲ್ಲಿ ತಂದು ಕುಡಿಸಿದರು.

“ಎಷ್ಟು ಜನ ಹೋದ್ರಪ್ಪಾ?”

“ಗೊತ್ತಿಲ್ಲ ಅತ್ತೆ. ಪಿಕೆಟ್ ಸಾಹೇಬ್ರ ಪಡೇಲಿ ನಾನಿದ್ದೆ. ಬಟಾಬಯಲು ದಾಟೋಕೆ ಹೇಳಿದ್ರು. ದಾಟಿದ್ವಿ. ಆ ಕಡೆ ಮುಟ್ಟಿದೋರು ಇಷ್ಟೇ.” ಅವನು ಒಂದು ಕೈಯ ಬೆರಳು ತೋರಿಸಿದ. ಅದರಲ್ಲೂ ಎರಡು ಇರಲಿಲ್ಲ.

ಮುಂದೆ ಹೋದ ಮೇಲೆ ಲೆಟಿ ಸಿಡಿದಳು. “ಇವ್ರಿಗೆ ನೀರು ಕೊಡ್ತೀಯಾ? ಇವ್ರು ಗೆದ್ದಿದ್ರೆ ನಾನೆಲ್ಲಿರ್ತಿದ್ದೆ ಅಂತ ಗೊತ್ತಾ?”

“ಗೊತ್ತು.”

“ಮತ್ತೆ?”

“ನೀರು ಕೊಡೋ ಹೆಂಗಸನ್ನ ಯಾರೂ ಚೀಟಿ ಕೇಳಲ್ಲ. ನೀನೂ ಬೊಗಸೆ ಹಿಡಿ.”

ಲೆಟಿ ಹಿಡಿದಳು. ಹೀಗೆ ದಕ್ಷಿಣಕ್ಕೆ ಹೋಗುವ ಆ ನರಳಾಟದ ನಡುವೆ ಹಾದು, ನೀರು ಕುಡಿಸುತ್ತ, ಪಟ್ಟಿ ಕಟ್ಟುತ್ತ, ಇಬ್ಬರೂ ಉತ್ತರಕ್ಕೆ ನಡೆದುಬಿಟ್ಟರು. ಕೊನೆಕೊನೆಗೆ ಲೆಟಿ ನೀರು ಕೊಡುವಾಗ ಮುಖ ನೋಡುತ್ತಿದ್ದಳಂತೆ. ಮೊದಮೊದಲು ನೋಡುತ್ತಿರಲಿಲ್ಲ.

ವಿಂಚೆಸ್ಟರಿನಲ್ಲಿ ನಿಲ್ಲುವ ಹಾಗಿರಲಿಲ್ಲ. ಊರು ಬಳಸಿ, ಆಚೆಯ ಏರಿನ ಮೇಲೆ ಕ್ವೇಕರ್ ಮತದವರ ತೋಟಗಳಿಗೆ ಬಂದರು. ಕ್ವೇಕರರು ಕೋವಿ ಹಿಡಿಯದವರು, ಗುಲಾಮರನ್ನು ಇಟ್ಟುಕೊಳ್ಳದವರು. ಯಾರಿಗೂ ‘ನೀವು’ ಎನ್ನುವುದಿಲ್ಲ, ಜನರಲ್ ಬಂದರೂ ‘ನೀನು’, ಭಿಕ್ಷುಕ ಬಂದರೂ ‘ನೀನು’. ಟ್ಯಾಸಿ ವಾಲ್ಟನ್ ಎಂಬ ವಿಧವೆ ಬಾಗಿಲು ತೆರೆದು ಇಬ್ಬರ ಕಾಲು ನೋಡಿದಳು.

“ನೀನು ತುಂಬ ನಡೆದಿದೀಯ. ಒಳಗೆ ಬಾ.”

“ಹುಡುಕ್ಕೊಂಡು ಬಂದ್ರೆ ನಿಮಗೆ ತೊಂದರೆ ಅಮ್ಮಾವ್ರೇ.”

“ನಾನು ಅಮ್ಮಾವರಲ್ಲ, ಟ್ಯಾಸಿ. ಮಜ್ಜಿಗೆ ಕುಡಿ, ಆಮೇಲೆ ತೊಂದರೆ ಬಗ್ಗೆ ಮಾತಾಡೋಣ.”

ಆಮೇಲೆ ಯಾರೂ ಮಾತಾಡಲಿಲ್ಲ. ವರ್ಷಕ್ಕಿಂತ ಹೆಚ್ಚು ಕಾಲ ಅವರು ಅಲ್ಲಿದ್ದರು. ಕೆಳಗೆ ಊರು ಕೈ ಬದಲಾಯಿಸುತ್ತಲೇ ಇತ್ತು. ಅಡಗಿ ಬಂದ ಇನ್ನೂ ಕೆಲವರು ಅದೇ ಮನೆ ಸೇರಿದರು, ಅವರಲ್ಲಿ ನನ್ನ ತಾಯಿ ಸೆರೀನಾ ಒಬ್ಬಳು. ಅರವತ್ತನಾಲ್ಕರ ಸೆಪ್ಟೆಂಬರಿನಲ್ಲಿ ನೀಲಿಯವರ ಶೆರಿಡನ್ ಮೂಡಣದಿಂದ ಬಂದು ಬೂದು ಕೋಟಿನವರ ಜನರಲ್ ಅರ್ಲಿಯ ಸೈನ್ಯವನ್ನು ಹಗಲೆಲ್ಲ ಬಡಿದು, ಸಂಜೆಗೆ ಊರಿನ ಬೀದಿಗಳಲ್ಲೇ ಓಡಿಸಿದ. ಆ ಸೋಮವಾರ, ಮನೆಯ ಗಾಜೆಲ್ಲ ನಡುಗುತ್ತಿದ್ದಾಗ, ಸೇಬು ತುಂಬುವ ಮಾಳಿಗೆಯಲ್ಲಿ ನಾನು ಹುಟ್ಟಿದೆ. ಶೆರಿಡನ್ ಹೆಸರನ್ನೇ ಹೆಣ್ಣಿಗೆ ತಿರುಗಿಸಿ ಇಡೋಣ ಎಂದರಂತೆ ಯಾರೋ. ಮಹಾಲಾ ಅತ್ತೆ, “ಅವ್ನು ನಾಳೆ ಮುಂದಿನೂರಿಗೆ ಹೋಗ್ತಾನೆ. ಇವಳು ಇಲ್ಲೇ ಇರ್ತಾಳೆ. ನಿಮ್ಮಮ್ಮನ ಹೆಸರಿಡು” ಎಂದು ನನ್ನ ತಾಯಿಗೆ ಹೇಳಿದರು. ಹಾಗೆ ನಾನು ಡೋರಿಂಡಾ ಆದೆ.

ಯುದ್ಧ ಮುಗಿದ ಮೇಲೆ ಅವರು ಊರಿಗೆ ಇಳಿದು ಬಂದು ಸಣ್ಣದೊಂದು ಮರದ ಮನೆ ಕಟ್ಟಿಕೊಂಡರು. ಲೆಟಿ ಟ್ಯಾಸಿಯ ಹತ್ತಿರ ಓದು ಕಲಿತಿದ್ದಳು, ನಮ್ಮವರ ಶಾಲೆಗೆ ಟೀಚರ್ ಆದಳು, ಮದುವೆಯಾದಳು. ಥಾರ್ನ್ಲಿಯವರ ಸೊಸೆಗೆ ಮತ್ತೆ ಬೇನೆ ಬಂದಾಗ ಹೇಳಿ ಕಳಿಸಿದರು. ಮಹಾಲಾ ಅತ್ತೆ ಹೋದರು, ಮುಂಬಾಗಿಲಿನಿಂದಲೇ ಒಳಗೆ ಹೋದರು. ಮುದಿ ಅಮ್ಮಾವರು ಕುರ್ಚಿಯಿಂದ ಏಳಲಿಲ್ಲ, ತಡೆಯಲೂ ಇಲ್ಲ.

ಲೆಟಿಯ ಮೊದಲ ಹೆರಿಗೆಯನ್ನೂ ಅವರೇ ಮಾಡಿಸಿದರು. ನನ್ನ ತಾಯಿ ಅಲ್ಲಿದ್ದಳು. ಎಲ್ಲ ಮುಗಿದು ಕೂಸು ಮಲಗಿದ ಮೇಲೆ ಮಹಾಲಾ ಅತ್ತೆ ಕೈ ಒರೆಸಿಕೊಳ್ಳುತ್ತ ಕೇಳಿದರಂತೆ: “ಆ ಭಾನುವಾರ, ಕಮ್ಮಾರನ ಮನೆಯಿಂದ, ನಾನು ಎದ್ದು ನಿನ್ನ ಜೊತೆ ಬರ್ಬೇಕಿತ್ತಾ?”

ಲೆಟಿ ಮಗುವನ್ನೇ ನೋಡುತ್ತ, “ಬರ್ಬೇಕಿತ್ತವ್ವಾ” ಎಂದಳು.

“ಹ್ಞೂಂ” ಎಂದರು ಅವ್ವ. ಅಷ್ಟೇ. ಆ ಕಮ್ಮಾರನ ಹೆಂಡತಿ ಬದುಕಿದ್ದಳು, ಎದುರು ಬೀದಿಯಲ್ಲೇ ಇದ್ದಳು, ದಿನಾ ಇಬ್ಬರನ್ನೂ ಮಾತಾಡಿಸುತ್ತಿದ್ದಳು. ಆ ಮಾತನ್ನು ತಾಯಿ ಮಗಳು ಮತ್ತೆ ಎತ್ತಲಿಲ್ಲ. ಅವರ ನಡುವೆ ಮುನಿಸೂ ಕಾಣಲಿಲ್ಲ.

ಕೊನೆಯ ವರ್ಷಗಳಲ್ಲಿ ಅವರ ಮಂಡಿ ಊದಿಕೊಂಡಿತ್ತು. ಆದರೂ ಗಾಡಿ ಹತ್ತುತ್ತಿರಲಿಲ್ಲ. “ಗಾಡಿ ಕಟ್ಟೋ ಹೊತ್ತಿಗೆ ನಾನು ಅಲ್ಲಿರ್ತೀನಿ” ಎನ್ನುವರು, ನಾನು ಪಕ್ಕದಲ್ಲಿ ಓಡುತ್ತಿದ್ದೆ. ತೊಂಬತ್ತೊಂದರ ಫೆಬ್ರುವರಿಯಲ್ಲಿ, ಹಿಮ ಬಿದ್ದ ವಾರ, ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡರು. ಮಣ್ಣಿಗೆ ಇಡೀ ಊರಿನವರು ಬಂದರು, ಕರಿಯರೂ ಬಿಳಿಯರೂ. ಬಿಳಿಯರು ಬೇಲಿಯಾಚೆ ನಿಂತರು, ಆದರೆ ನಿಂತರು. ಮಣ್ಣು ಮುಗಿಸಿ ಮನೆಗೆ ಬರುತ್ತಿದ್ದ ಹಾಗೆಯೇ ಕೆಂಟ್ ಬೀದಿಯಿಂದ ಒಬ್ಬ ಗಂಡಸು ಟೋಪಿ ಕೈಯಲ್ಲಿ ಹಿಡಿದು ಓಡಿ ಬಂದ, ಹೆಂಡತಿಗೆ ನೀರೊಡೆದಿದೆ ಎಂದು. ನಾನು ಲೆಟಿಯ ಮುಖ ನೋಡಿದೆ.

“ನನ್ನೇನು ನೋಡ್ತೀಯೇ?” ಎಂದಳು ಲೆಟಿ. “ಕೈ ತೊಳ್ಕೊಂಡು ಹೊರಡು.”